ಕಾಮಾಲೆ ಅಜ್ಜಿಯ ಭಾನುವಾರ

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಸಂಕೋಚಕ್ಕಲ್ಲ, ಭಯಕ್ಕೆ. ಹೆಸರು, ಊರು ಎರಡೂ ಅಚ್ಚಾದರೆ ಬರುವ ಭಾನುವಾರವೇ ನಾಲ್ಕು ಬೈಕು ಆ ಮನೆಯ ಮುಂದೆ ನಿಂತುಬಿಡುತ್ತವೆ. ಬದುಕಿದ್ದಾಗ ಬೈಕಿನವರನ್ನು ಅಟ್ಟಿ ಅಟ್ಟಿ ಸುಸ್ತಾಗಿದ್ದ ಜೀವ ಅದು, ಸತ್ತ ಮೇಲಾದರೂ ಆ ಅಂಗಳ ಖಾಲಿಯಾಗಿರಲಿ. ಮಾಗಡಿ ತಾಲ್ಲೂಕು, ಗುಡೇಮಾರನಹಳ್ಳಿಯ ಕಡೆಯ ಒಂದು ಹಳ್ಳಿ ಎಂದರೆ ಸಾಕು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಹುಣಸೆಮರವಿತ್ತು. ಸುತ್ತಲ ಊರಿನವರು ಅವರನ್ನು ಕಾಮಾಲೆ ಅಜ್ಜಿ ಎನ್ನುತ್ತಿದ್ದರು. ನಾನು ಬರೀ ಅಜ್ಜಿ ಎನ್ನುತ್ತಿದ್ದೆ. ಹೋದ ತಿಂಗಳು ತೀರಿಕೊಂಡರು. ನಾನೀಗ ರಾಮನಗರದ ಒಂದು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ತರಗತಿಯಲ್ಲಿದ್ದಾಗ ಅವ್ವನ ಫೋನು ಬಂತು. ಪುಸ್ತಕ ಮುಚ್ಚಿಟ್ಟು ಮಣ್ಣಿಗೆ ಹೋದೆ.

ಐದಡಿಯೂ ಇಲ್ಲದ ಹೆಂಗಸು. ಧ್ವನಿ ಮಾತ್ರ ಹೊಲದ ಆ ಬದುವಿನಲ್ಲಿದ್ದವರನ್ನು ಈ ಬದುವಿಗೆ ಕರೆಸುವಂಥದ್ದು. ಯಾರೇ ಬರಲಿ, ಮಾತಿಗೆ ಮುಂಚೆ ಅವರ ಮೊಣಕೈ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಕಣ್ಣನ್ನು ಮನೆಯೊಳಗೆ ನೋಡುತ್ತಲೇ ಇರಲಿಲ್ಲ. "ಟ್ಯೂಬ್‌ಲೈಟ್ ಕೆಳ್ಗೆ ಎಲ್ಲಾರೂ ಕಾಯ್ಲೆಯೋರಂಗೇ ಕಾಣ್ತಾರೆ ಕಣ್ಲಾ, ಬಿಸ್ಲಿಗೆ ಬಾ" ಎನ್ನುತ್ತಿದ್ದರು. ಬಿಸಿಲಿಗೆ ನಿಲ್ಲಿಸಿ, ಹೆಬ್ಬೆರಳಿನಿಂದ ಕೆಳರೆಪ್ಪೆ ಜಗ್ಗಿ, ನಾಲಿಗೆ ಚಾಚಿಸಿ, ಉಗುರು ಒತ್ತಿ ನೋಡಿ, ಆಮೇಲೆ "ನೀನು ಯಾರ ಮಗ?" ಎಂದು ಕೇಳುವುದು ಅವರ ಕ್ರಮ.

ಔಷಧಿ ಅವರ ಅತ್ತೆಯಿಂದ ಬಂದದ್ದು, ಅತ್ತೆಗೆ ಅವರ ಅತ್ತೆಯಿಂದ. ಹಿತ್ತಲಲ್ಲಿ ಬೆಳೆದ ಒಂದು ಸೊಪ್ಪು. ಅದನ್ನು ಹೊತ್ತು ಹುಟ್ಟುವಾಗ ಕಿತ್ತು, ಅರೆದು, ಮೇಕೆ ಹಾಲಿಗೆ ಕಲಸಿ, ಬರಿಹೊಟ್ಟೆಗೆ ಕುಡಿಸುತ್ತಿದ್ದರು. ಮೂರು ಭಾನುವಾರ. ಉಪ್ಪು, ಖಾರ, ಮಾಂಸ ಬಿಟ್ಟು ಪಥ್ಯ. ದುಡ್ಡು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಕೈಗುಣ ಹೋಗುತ್ತದೆ ಎಂದು ಅತ್ತೆ ಹೇಳಿದ್ದರಂತೆ. ಎಲೆ ಅಡಿಕೆ ಕೊಟ್ಟರೆ ಇಸಿದುಕೊಂಡು, ಅಡಿಕೆ ಚೆನ್ನಾಗಿಲ್ಲದಿದ್ದರೆ ಕೊಟ್ಟವರ ಎದುರಿಗೇ ಬೈಯುತ್ತಿದ್ದರು. ಹಾಗಂತ ಡಾಕ್ಟರನ್ನು ಹೀಗಳೆಯುವ ಜಾತಿಯಲ್ಲ. ತಮ್ಮ ಬಿಪಿ ಮಾತ್ರೆಯನ್ನು ಒಂದು ದಿನ ತಪ್ಪಿಸಿದವರಲ್ಲ. ಜ್ವರ, ಎದೆನೋವು, ಗಂಟು ಅಂತ ಬಂದವರನ್ನು "ನಂಗೆ ಬರೋದು ಒಂದೇ. ಮಿಕ್ಕಿದ್ದಕ್ಕೆಲ್ಲ ಓದಿರೋರವ್ರೆ, ಅಲ್ಲಿಗೋಗು" ಎಂದು ಕಳಿಸಿಬಿಡುತ್ತಿದ್ದರು.

ಇಂಥ ಹೆಂಗಸಿಗೆ ನಾವು ಮೋಸ ಮಾಡಿದೆವು. ನಾವು ಎಂದು ಬರೆದದ್ದು ಮರ್ಯಾದೆ ಉಳಿಸಿಕೊಳ್ಳಲು. ಶುರು ಮಾಡಿದವನು ನಾನೇ.

ಹತ್ತು ವರ್ಷದ ಕೆಳಗಿನ ಮಾತು. ಮಾಗಡಿಯಲ್ಲಿ ಬಿ.ಕಾಂ. ಓದುತ್ತಿದ್ದೆ. ಐದು ಜನ ಸೇರಿ ಒಂದು ರೂಮು ಮಾಡಿಕೊಂಡಿದ್ದೆವು. ಅವರಲ್ಲಿ ಮಂಜ ಎಂಬವನು ಕನಕಪುರದ ಆಚೆ, ದೊಡ್ಡಆಲಹಳ್ಳಿ ಕಡೆಯವನು. ಮನೆಯಲ್ಲಿ ರೇಷ್ಮೆ, ರಾಗಿ, ಒಳ್ಳೆಯ ಅನುಕೂಲ. ಕನಕಪುರದಲ್ಲೇ ಸೀಟು ಸಿಗುತ್ತಿತ್ತು. ಆದರೆ ಅಪ್ಪನ ಕಣ್ಣಿಗೆ ಬೀಳದ ಊರು ಬೇಕಾಗಿತ್ತು ಅವನಿಗೆ. ಮೊದಲ ವರ್ಷ ನಾವು ಕುಡಿದದ್ದು ಹುಟ್ಟುಹಬ್ಬಗಳಿಗೆ ಮಾತ್ರ. ಎರಡನೆಯ ವರ್ಷ ಪ್ರತಿ ಶನಿವಾರ. ಮೂರನೆಯ ವರ್ಷಕ್ಕೆ ಬರುವಷ್ಟರಲ್ಲಿ ಇಂಟರ್ನಲ್ಸ್ ಚೆನ್ನಾಗಿ ಆದರೆ ಖುಷಿಗೆ, ಹಾಳಾದರೆ ದುಃಖಕ್ಕೆ, ಮುಂದಕ್ಕೆ ಹೋದರೆ ಬೇಜಾರಿಗೆ. ಕೆರೆ ಏರಿಯ ಹಿಂದೆ ಹೊಂಗೆ ಮರಗಳ ತೋಪು ಇತ್ತು. ಅಲ್ಲಿ ಮಧ್ಯಾಹ್ನವೇ ಕೂರುತ್ತಿದ್ದೆವು. ಒಂದೇ ಉಸಿರಿಗೆ ಕ್ವಾರ್ಟರ್ ಮುಗಿಸುವ ಪಂದ್ಯ ಕಟ್ಟುತ್ತಿದ್ದೆವು. ಒಬ್ಬ ಕುಸಿದು ಬಿದ್ದರೆ ತಲೆಗೆ ನೀರು ಸುರಿದು, ಮಜ್ಜಿಗೆ ಕುಡಿಸಿ, ಅಂಗಾತ ಮಲಗಿಸಿ, ನಿದ್ದೆ ಮಾಡಿದರೆ ಇಳಿಯುತ್ತದೆ ಎಂದು ಬಿಟ್ಟು ಹರಟುತ್ತಿದ್ದೆವು. ಯಾರೂ ಸಾಯಲಿಲ್ಲ. ಅದು ನಮ್ಮ ಜಾಣತನವಲ್ಲ.

ಮಂಜನನ್ನು ನಾವು 'ಸ್ಟೆಡಿ' ಎಂದು ಹೊಗಳುತ್ತಿದ್ದೆವು. ಎಷ್ಟು ಕುಡಿದರೂ ಕಾಲು ತಪ್ಪುತ್ತಿರಲಿಲ್ಲ, ನಾಲಿಗೆ ತೊದಲುತ್ತಿರಲಿಲ್ಲ. ನಮ್ಮನ್ನೆಲ್ಲ ಬೈಕಿನಲ್ಲಿ ರೂಮಿಗೆ ಸೇರಿಸುವವನೂ ಅವನೇ. ಅದು ಅವನ ಮೈಯ ಶಕ್ತಿ ಎಂದುಕೊಂಡಿದ್ದೆವು. ತೂರಾಡುವವನಿಗೆ ಯಾರಾದರೂ ಸಾಕು ಎನ್ನುತ್ತಾರೆ, ನೆಟ್ಟಗೆ ನಿಂತವನಿಗೆ ಇನ್ನೊಂದು ಸುರಿಯುತ್ತಾರೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಅವನಿಗೆ ಒಂದು ಗುಟುಕು ಬೇಕಾಗುತ್ತದೆ, ಇಲ್ಲದಿದ್ದರೆ ಶರ್ಟಿನ ಗುಂಡಿ ಹಾಕಲು ಕೈ ಬರುವುದಿಲ್ಲ ಎನ್ನುವುದನ್ನೂ ನಾವು ಕಂಡಿದ್ದೆವು. ಕಂಡು ನಕ್ಕಿದ್ದೆವು.

ಇದಕ್ಕೆ ಅಜ್ಜಿ ಹೇಗೆ ಸಿಕ್ಕಿಕೊಂಡರು ಎಂದರೆ, ಎರಡನೆಯ ವರ್ಷ ನಮ್ಮ ರೂಮಿನ ಒಬ್ಬನಿಗೆ ಕಾಮಾಲೆ ಬಂತು. ಅವನಿಗೆ ಬಂದದ್ದು ನಿಜವಾಗಿ ಕೆಟ್ಟ ನೀರಿನಿಂದ. ಅವನ ಊರಿನಲ್ಲಿ ಅರ್ಧ ಬೀದಿಗೆ ಬಂದಿತ್ತು. ಅವನನ್ನು ಅಜ್ಜಿಯ ಹತ್ತಿರ ಕರೆದುಕೊಂಡು ಹೋದೆ. ಮೂರು ಭಾನುವಾರ ಕುಡಿದ, ಪಥ್ಯ ಮಾಡಿದ, ಎದ್ದು ಓಡಾಡಿದ. ಅಂಥ ಕಾಮಾಲೆ ಸಾಮಾನ್ಯವಾಗಿ ವಿಶ್ರಾಂತಿಯಿಂದಲೇ ವಾಸಿಯಾಗುತ್ತದೆ ಎಂದು ಡಾಕ್ಟರೊಬ್ಬರು ಎಷ್ಟೋ ದಿನದ ಮೇಲೆ ನನಗೆ ಹೇಳಿದರು. ಅವತ್ತು ನನಗೆಲ್ಲಿ ಗೊತ್ತು? ಹೊಂಗೆ ತೋಪಿನಲ್ಲಿ ಕೂತು ಎದೆಯುಬ್ಬಿಸಿ ಅಂದೆ, "ನಮ್ಮೂರಜ್ಜಿ ಔಷ್ದಿ ಕುಡುದ್ರೆ ಲಿವರ್ರು ಹೊಸ್ದಾಗ್ ಬಂದ್ಬುಡ್ತದೆ ಕಣ್ರಲಾ!"

ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಬೈಕು ಹತ್ತಿ ಅಜ್ಜಿಯ ಮನೆಗೆ ಹೋಗುವುದು, ಹಸಿರು ಹಾಲು ಕುಡಿಯುವುದು, ತಿಂಗಳಿಡೀ ಕುಡಿದದ್ದು ತೊಳೆದುಹೋಯಿತು ಎಂದು ನಿರಾಳವಾಗಿ ಮತ್ತೆ ತೋಪಿಗೆ ಹೋಗುವುದು. ಬೈಕನ್ನು ಸರ್ವೀಸಿಗೆ ಬಿಡುವ ಹಾಗೆ. ಅದಕ್ಕೆ ನಾವಿಟ್ಟ ಹೆಸರೂ ಸರ್ವೀಸೇ. ಸುದ್ದಿ ಹಬ್ಬಿತು. ರಾಮನಗರ, ಚನ್ನಪಟ್ಟಣದ ಕಾಲೇಜಿನ ಹುಡುಗರೂ ಬರತೊಡಗಿದರು. ಎಲ್ಲರಿಗೂ ನಾನು ಹೇಳಿಕೊಟ್ಟ ಮಾತು ಒಂದೇ: "ಕಾಲೇಜ್ ನೀರು ಸರಿಯಿಲ್ಲ ಅಜ್ಜಿ, ಊಟ ಸೇರಲ್ಲ."

ಅಜ್ಜಿ ನಂಬಿದರು. ನಂಬಿದ್ದಷ್ಟೇ ಅಲ್ಲ, ಹಿಗ್ಗಿದರು. "ನಮ್ಮೂರ್ ಮುಂಡೇವೇ ಸೊಪ್ಪು ಅಂದ್ರೆ ಮೂಗು ಮುರೀತವೆ, ಇವು ನೋಡವ್ವ, ಓದೋ ಮಕ್ಳು, ಎಷ್ಟು ಭಕ್ತಿಯಿಂದ ಕುಡೀತವೆ" ಎಂದು ನನ್ನ ಅವ್ವನ ಹತ್ತಿರ ಹೇಳಿಕೊಂಡರಂತೆ. ನಮಗಾಗಿ ಉಪ್ಪಿಲ್ಲದ ಗಂಜಿ ಕಾಯಿಸಿಡುತ್ತಿದ್ದರು. ಹುಡುಗರಿಗೆ ಇಷ್ಟು ತೊಂದರೆ ಕೊಡುವ ಆ ನೀರನ್ನು ಒಮ್ಮೆ ನೋಡಬೇಕು ಎಂದು ಆಗಾಗ ಅನ್ನುತ್ತಿದ್ದರು. ಮಾತಿಗೆ ಅನ್ನುತ್ತಾರೆ ಎಂದುಕೊಂಡೆವು.

ಒಂದು ಬುಧವಾರ ನಿಜವಾಗಿಯೂ ಬಂದೇಬಿಟ್ಟರು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಯಲ್ಲಿ ಒಂದು ಖಾಲಿ ಬಾಟಲಿ ಹಿಡಿದು, ಬಸ್ಸಿಳಿದು ನೇರ ಪ್ರಿನ್ಸಿಪಾಲರ ರೂಮಿಗೆ ನುಗ್ಗಿದರು. "ಸ್ವಾಮಿ, ಮಕ್ಳಿಗೆ ಅಂತ ನೀರು ಯಾಕ್ ಕುಡುಸ್ತೀರಿ? ಎಲ್ಲೈತೆ ನಿಮ್ಮ ಟ್ಯಾಂಕು, ತೋರ್ಸಿ" ಎಂದರು. ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯ, ಮೇಲಾಗಿ ಹೆದರಿದ್ದರು. ತಾವೇ ಜೊತೆಗೆ ಬಂದು ಅಟೆಂಡರ್ ಕೈಯಲ್ಲಿ ಮುಚ್ಚಳ ತೆಗೆಸಿದರು. ಅಜ್ಜಿ ಮೆಟ್ಟಿಲು ಹತ್ತಿ ಬಗ್ಗಿ ನೋಡಿದರು. ಬಾಟಲಿ ತುಂಬಿಸಿ ಬಿಸಿಲಿಗೆ ಹಿಡಿದರು, ಮೂಸಿದರು, ಒಂದು ಬೊಗಸೆ ಕುಡಿದರು. ತಿಳಿನೀರು. ಕಾರಿಡಾರಿನ ಕಂಬದ ಹಿಂದೆ ನಿಂತಿದ್ದ ನನ್ನ ಕಡೆ ತಿರುಗಿ ಒಂದು ಕ್ಷಣ ದಿಟ್ಟಿಸಿದರು. ಪ್ರಿನ್ಸಿಪಾಲರಿಗೆ "ತಪ್ಪಾಯ್ತು ಸ್ವಾಮಿ, ನಿಮ್ ನೀರು ಚೆಂದಾಗೈತೆ" ಎಂದು ಕೈಮುಗಿದು ಬಸ್ಸಿಗೆ ಹೋದರು. ಬೈದಿದ್ದರೆ ನಾನು ಅಷ್ಟು ಬೆವರುತ್ತಿರಲಿಲ್ಲ.

ಆ ವಾರ ಹೋಗಬಾರದು ಎಂದು ನಾನು ಹೇಳಿದೆ. ಹೋಗದಿದ್ದರೆ ಅನುಮಾನ ಗಟ್ಟಿಯಾಗುತ್ತದೆ ಎಂದು ಉಳಿದವರು ಅಂದರು. ಏಳು ಜನ ಹೋದೆವು. ಅಜ್ಜಿ ಎಂದಿನಂತೆ ಸೊಪ್ಪು ಅರೆದು ಬಟ್ಟಲು ತುಂಬಿಸಿಕೊಂಡು ಜಗಲಿಗೆ ಬಂದು ಕೂತರು. ಬಟ್ಟಲನ್ನು ಯಾರಿಗೂ ಕೊಡಲಿಲ್ಲ.

"ನೀರಲ್ಲ. ಏನ್ ಕುಡೀತಿದ್ದೀರಿ ಯೋಳ್ರಲಾ."

ಎಲ್ಲರೂ ಕಾಲುಂಗುರ ಕಳೆದುಕೊಂಡವರ ಹಾಗೆ ನೆಲ ನೋಡಿದೆವು. ಮಂಜನಿಗೆ ಸುಳ್ಳು ಬರುತ್ತಿರಲಿಲ್ಲ. ಅವನು ನಗುತ್ತಲೇ ಎಲ್ಲ ಹೇಳಿಬಿಟ್ಟ. ತೋಪು, ಶನಿವಾರ, ಸರ್ವೀಸು, ಎಲ್ಲ. "ನಿಮ್ ಔಷ್ದಿ ಇರೋದ್ರಿಂದ್ಲೇ ಧೈರ್ಯ ಅಜ್ಜಿ" ಎಂದು ಕೊನೆಗೊಂದು ಮಾತು ಸೇರಿಸಿದ. ಹೊಗಳಿದೆ ಎಂದುಕೊಂಡಿದ್ದ ಪಾಪ.

ಅಜ್ಜಿ ಕೈಯಲ್ಲಿದ್ದ ಬಟ್ಟಲನ್ನು ನೋಡಿದರು. ಆಮೇಲೆ, "ಹಂಗಾದ್ರೆ ಇಷ್ಟ್ ದಿನ ನಿಮ್ಗೆ ಕುಡ್ಸುತಿದ್ದೋಳು ನಾನೇ ಅನ್ನು" ಎಂದರು. ಬಟ್ಟಲನ್ನು ಅಂಗಳಕ್ಕೆ ಚೆಲ್ಲಿದರು. ಎದ್ದು ಬಂದು ಮಂಜನ ಮೊಣಕೈ ಹಿಡಿದು ಬಿಸಿಲಿಗೆ ಎಳೆದರು. ರೆಪ್ಪೆ ಜಗ್ಗಿದರು. ಅರಿಶಿನದ ನೀರು ಬಳಿದಂತಿತ್ತು ಕಣ್ಣು. ನಾವು ದಿನಾ ಅದೇ ಮುಖ ನೋಡುತ್ತಿದ್ದೆವು, ಒಬ್ಬನಿಗೂ ಕಂಡಿರಲಿಲ್ಲ. ಪ್ಯಾಂಟು ಮೇಲೆತ್ತಿಸಿ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಹೊಟ್ಟೆ ಮುಟ್ಟಿದರು, ಅವನು ಹಲ್ಲು ಕಚ್ಚಿದ.

"ಇದು ನಂಗೆ ಬರೋ ಕಾಮಾಲೆ ಅಲ್ಲ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು."

"ಗ್ಯಾಸ್ಟ್ರಿಕ್ ಅಜ್ಜಿ. ಎಕ್ಸಾಮ್ ಮುಗೀಲಿ" ಎಂದ ಮಂಜ.

ಅಜ್ಜಿ ಅವನ ಜೊತೆ ವಾದ ಮಾಡಲಿಲ್ಲ. ನನ್ನ ಕಡೆ ತಿರುಗಿದರು. "ಅವ್ರಪ್ಪಂಗೆ ಫೋನ್ ಮಾಡು." ನಾನು ಗೆಳೆಯನ ಗುಟ್ಟು, ನಂಬಿಕೆ ಎಂದೇನೋ ಗೊಣಗಿದೆ. "ನೀನು ಮಾಡ್ತೀಯೋ, ಇಲ್ಲಾ ನಾನೇ ಬಸ್ ಹತ್ಲೋ?" ಎಂದರು. ಅವರು ಹತ್ತುವವರೇ ಎಂದು ಬುಧವಾರವಷ್ಟೇ ನೋಡಿದ್ದೆ. ಮಾಡಿದೆ.

ಮಧ್ಯಾಹ್ನದ ಹೊತ್ತಿಗೆ ಮಂಜನ ಅಪ್ಪ ಕಾರು ಮಾಡಿಕೊಂಡು ಬಂದರು. ಊರಿನಲ್ಲಿ ನ್ಯಾಯ ಹೇಳುವ ಮನುಷ್ಯ, ಬಿಳಿ ಪಂಚೆ, ಬಿಳಿ ಶರ್ಟು. ಬಂದವರು ನೇರ ಅಜ್ಜಿಯ ಮುಂದೆ ಜಗಲಿಯ ಕೆಳಗೆ ನಿಂತು ಕೈಮುಗಿದರು.

"ಅವ್ವಾ, ಮಗಳ್ಗೆ ಗಂಡು ಗೊತ್ತಾಗೈತೆ. ಈ ಹೊತ್ನಲ್ಲಿ ಇವನ್ನ ಆಸ್ಪತ್ರೆಗೆ ಸೇರ್ಸುದ್ರೆ, ಕುಡ್ದು ಲಿವರ್ ಕೆಡಿಸ್ಕೊಂಡವ್ನೆ ಅಂತ ಬೀಗರ ಕಿವಿಗೆ ಬೀಳ್ತದೆ. ಹೆಂಗೋ ನೀವೇ ಒಂದ್ ಮೂರ್ ವಾರ ಔಷ್ದಿ ಕೊಟ್ಬುಡಿ. ಇಲ್ಲೇ ಬುಟ್ಟೋಯ್ತೀನಿ."

"ಕೊಡಕ್ಕಿಲ್ಲ."

"ಊರೋರಿಗೆಲ್ಲ ಕೊಡ್ತೀರಿ…"

"ಇವುನ್ಗೆ ಕೊಡಕ್ಕಿಲ್ಲ. ನಂತಾವ ಇದ್ಕೆ ಔಷ್ದಿ ಇಲ್ಲ. ಐತೆ ಅಂತ ಕೊಟ್ರೆ ನಾನು ಇವನ್ನ ಸಾಯಿಸ್ದಂಗೆ." ಆಮೇಲೆ ಧ್ವನಿ ಸ್ವಲ್ಪ ಇಳಿಸಿದರು. "ನೋಡಪ್ಪಾ, ಬೀಗ್ರು ಆಡ್ಕೋತಾರೆ. ಒಂದ್ ವರ್ಸ ಆಡ್ಕೋತಾರೆ, ಆಮ್ಯಾಲೆ ಬುಟ್ಬುಡ್ತಾರೆ. ಮಗ ಹೋದ್ರೆ ನೀನು ಯಾರ ಕೂಟೆ ಮಾತಾಡೀಯೆ?"

ಆ ದೊಡ್ಡ ಮನುಷ್ಯ ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಅಜ್ಜಿ ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು, ಬಿಪಿ ಮಾತ್ರೆ ಸೆರಗಿಗೆ ಗಂಟು ಹಾಕಿಕೊಂಡು ಬಂದು, ಕೇಳದೆಯೇ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ನಾನೂ ಮಂಜನ ಪಕ್ಕ ಹಿಂದೆ ಹತ್ತಿದೆ.

ಬೆಂಗಳೂರಿನ ಆಸ್ಪತ್ರೆಯ ಡಾಕ್ಟರಮ್ಮ ರಕ್ತ, ಸ್ಕ್ಯಾನು ಎಲ್ಲ ನೋಡಿ ನಮ್ಮನ್ನು ಕೂರಿಸಿ ಮಾತಾಡಿದರು. ಲಿವರ್ ಊದಿಕೊಂಡಿದೆ, ಇಪ್ಪತ್ತೊಂದು ವಯಸ್ಸಿಗೆ ಹೀಗಾಗುವುದಿಲ್ಲ ಎನ್ನುವುದು ತಪ್ಪು ತಿಳಿವಳಿಕೆ, ಯಾರ ಲಿವರ್ ಎಷ್ಟು ತಡೆಯುತ್ತದೆ ಎಂದು ಮೊದಲೇ ಹೇಳುವುದಕ್ಕೆ ಆಗುವುದಿಲ್ಲ ಎಂದರು. ಒಮ್ಮೆಲೇ ಬಿಡಿಸಿ ಮನೆಯಲ್ಲಿಟ್ಟುಕೊಂಡರೆ ಫಿಟ್ಸ್ ಬರಬಹುದು, ಅದಕ್ಕೇ ವಾರ್ಡಿನಲ್ಲಿಟ್ಟು ಬಿಡಿಸಬೇಕು ಎಂದರು. ತೋಪಿನ ಪಂದ್ಯದ ಕಥೆ ಕೇಳಿ ನಮ್ಮ ಕಡೆ ತಿರುಗಿದರು. ಪ್ರಜ್ಞೆ ತಪ್ಪಿದವನನ್ನು ಅಂಗಾತ ಮಲಗಿಸಿದರೆ ವಾಂತಿ ಉಸಿರಿನ ದಾರಿಗೆ ಹೋಗಿ ಅಲ್ಲೇ ಸಾಯುತ್ತಾನೆ, ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಆಂಬುಲೆನ್ಸ್ ಕರೆಯಬೇಕು ಎಂದು ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದರು. ನಾವು ಕೊಟ್ಟ ಮಜ್ಜಿಗೆಗಳೆಲ್ಲ ನನ್ನ ಕಣ್ಣ ಮುಂದೆ ಬಂದವು.

ಕೊನೆಗೆ "ನಾಟಿ ಔಷಧಿ ಏನಾದರೂ ಕೊಟ್ಟಿದ್ದೀರಾ?" ಎಂದು ಕೇಳಿದರು. ಮಂಜನ ಅಪ್ಪ ಇಲ್ಲ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಅಜ್ಜಿ ಎದ್ದು ನಿಂತರು.

"ಕೊಟ್ಟಿದೀನಿ ಕಣವ್ವಾ. ಆರ್ ಸಲ. ಗೊತ್ತಿಲ್ದೆ ಕೊಟ್ಟೆ. ಅದ್ರಿಂದ ಜಾಸ್ತಿ ಆಗೈತಾ?"

"ಹೇಳುವುದಕ್ಕೆ ಆಗಲ್ಲ ಅಜ್ಜಿ. ಇನ್ನು ಮುಂದೆ ಕೊಡಬೇಡಿ. ಕೆಟ್ಟ ಲಿವರಿಗೆ ಸೊಪ್ಪೂ ಭಾರ."

"ಇವನು ಈಗ ಬುಟ್ರೆ ಉಳೀತಾನಾ?"

"ಪೂರ್ತಿ ಬಿಟ್ಟರೆ ಉಳಿಯಬಹುದು. ಮತ್ತೆ ಮುಟ್ಟಿದರೆ ನಾನು ಮಾತು ಕೊಡಲಾರೆ."

ಅಜ್ಜಿ ತಲೆಯಾಡಿಸಿದರು. ಆ ದಿನದಿಂದ ಅವರಿಗೆ ಬೇರೆ ಕೆಲಸವೇ ಇರಲಿಲ್ಲ ಎನ್ನುವ ಹಾಗೆ ಪೂರ್ತಿ ಬಿಟ್ಟರೆ ಎಂಬ ಆ ಒಂದು ಮಾತಿನ ಹಿಂದೆ ಬಿದ್ದರು.

ವಾರ್ಡಿನಲ್ಲಿ ಮೂರನೆಯ ದಿನ ಮಂಜ ತನ್ನ ಹಾಸಿಗೆಯ ಮೇಲೆ ರೇಷ್ಮೆಹುಳು ಹರಿದಾಡುತ್ತಿವೆ ಎಂದು ಕೂಗಾಡಿದ. ಬೆಳಗಿನ ಹತ್ತು ಗಂಟೆ, ಕಿಟಕಿ ತುಂಬ ಬಿಸಿಲು, ಹಾಸಿಗೆಯ ಮೇಲೆ ಒಂದು ಹುಳುವೂ ಇಲ್ಲ. ಕುಡಿತ ನಿಂತಾಗ ಹೀಗೆ ಆಗುತ್ತದೆ, ಔಷಧಿ ಕೊಟ್ಟಿದ್ದೇವೆ ಎಂದರು ನರ್ಸು. ಜೀವಮಾನವೆಲ್ಲ ಹುಳು ಸಾಕಿದ ಅವನ ಅಪ್ಪ ಹಾಸಿಗೆಯ ಪಕ್ಕ ನಿಂತು, ಇಲ್ಲದ ಹುಳುಗಳನ್ನು ಒಂದೊಂದಾಗಿ ಆಯ್ದು ಅಂಗೈಗೆ ಹಾಕಿಕೊಳ್ಳುತ್ತಾ, "ಎತ್ತಿದೆ ಕಣಪ್ಪಾ, ಇದನ್ನೂ ಎತ್ತಿದೆ, ಮಲಿಕೋ" ಎನ್ನುತ್ತಿದ್ದರು. ನಾನು ಹೊರಗೆ ಬಂದು ಅತ್ತೆ. ಕಾರಿಡಾರಿನ ಬೆಂಚಿನ ಮೇಲಿದ್ದ ಅಜ್ಜಿ ನನ್ನನ್ನು ಸಮಾಧಾನ ಮಾಡಲಿಲ್ಲ. "ಅಳು. ಒಳ್ಳೇದೇ" ಎಂದರು.

ಮಂಜ ಮೂರು ವಾರ ಅಲ್ಲಿದ್ದು ಮನೆಗೆ ಬಂದ. ಅಜ್ಜಿ ಊರಿಗೆ ಹೋಗಿ ಭಾನುವಾರವನ್ನೇ ಬದಲಾಯಿಸಿದರು. ಕಣ್ಣು ಹಳದಿಯಾಗಿ ಯಾರೇ ಬಂದರೂ ಮೊದಲು ರಕ್ತ ಪರೀಕ್ಷೆ, ಡಾಕ್ಟರು, ಆಮೇಲೆ ತಮ್ಮ ಮಾತು. ಬೈಕಿನಲ್ಲಿ ಬಂದ ಕಾಲೇಜು ಹುಡುಗರಿಗೆ ಪೊರಕೆ. "ಸರ್ವೀಸು ಮುಚ್ಚೈತೆ, ನಡೀರಿ" ಎಂದು ಕೂಗುತ್ತಿದ್ದರು. ಅವರಿಲ್ಲದಾಗ ಇಬ್ಬರು ಹಿತ್ತಲಿಗೆ ನುಗ್ಗಿ ಸೊಪ್ಪು ಕಿತ್ತುಕೊಂಡು ಹೋದದ್ದು ತಿಳಿದ ದಿನ, ಗುದ್ದಲಿ ತಂದು ಮೂರು ತಲೆಮಾರಿನ ಆ ಗಿಡದ ಮಡಿಯನ್ನೇ ಬುಡಸಮೇತ ಅಗೆದು ತಿಪ್ಪೆಗೆ ಹಾಕಿದರು. ಅಜ್ಜಿಯ ಮಗ ಒಂದು ತಿಂಗಳು ಅವರ ಜೊತೆ ಮಾತು ಬಿಟ್ಟ. ಮನೆಗಿದ್ದ ಹೆಸರು ಹೋಯಿತು ಎಂದು ಅವನ ಸಂಕಟ. "ಹೆಸ್ರು ಹೋಯ್ತು, ಹುಡುಗ್ರು ಉಳಿದ್ವು ಬುಡು" ಎಂದು ಅಜ್ಜಿ ತಮ್ಮ ಪಾಡಿಗೆ ಅವರೆಕಾಯಿ ಸುಲಿಯುತ್ತಿದ್ದರು.

ಔಷಧಿ ನಿಂತರೂ ನಮ್ಮ ಐದು ಜನಕ್ಕೆ ಭಾನುವಾರ ತಪ್ಪಲಿಲ್ಲ. ವಾರಕ್ಕೊಮ್ಮೆ ಅವರ ಅಂಗಳಕ್ಕೆ ಹಾಜರಾಗಬೇಕು, ಕುಡಿಯದೆ ಎಷ್ಟು ದಿನವಾಯಿತು ಎಂದು ಬಾಯಿಬಿಟ್ಟು ಹೇಳಬೇಕು. ಮಂಜ ಕನಕಪುರದ ಕಡೆಯಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದ. ಒಮ್ಮೆ ಹಿರಿಯರ ಹಬ್ಬದ ದಿನವೇ ಭಾನುವಾರ ಬಿತ್ತು. ಅಜ್ಜಿ ತೀರಿಹೋದ ಗಂಡನಿಗೆ ಎಡೆ ಇಟ್ಟಿದ್ದರು. ಮುದ್ದೆ, ಮಾಂಸದ ಸಾರು, ಬೀಡಿ ಕಟ್ಟು, ಪಕ್ಕದಲ್ಲಿ ಒಂದು ಕ್ವಾರ್ಟರ್ ಬಾಟಲಿ. ನನಗ್ಯಾಕೋ ಕೆಣಕಬೇಕೆನಿಸಿತು. "ನಮ್ಗೆ ಬ್ಯಾಡ ಅಂತೀಯ, ತಾತಂಗೆ ನೀನೇ ಇಟ್ಟಿದೀಯಲ್ಲಜ್ಜಿ?" ಎಂದೆ.

"ಅದು ಸತ್ತೋರ್ಗೆ ಇಡೋ ಎಡೆ ಕಣ್ಲಾ. ನಿಂಗೂ ಇಡ್ಲಾ?" ಎಂದರು. ಮಂಜ ಬಿದ್ದು ಬಿದ್ದು ನಕ್ಕ. ನಾನು ನಕ್ಕಂತೆ ಮಾಡಿದೆ.

ಯಾಕೆಂದರೆ ನಾನು ಸುಳ್ಳು ಹೇಳುತ್ತಿದ್ದೆ. ಮೊದಲ ಎರಡು ತಿಂಗಳು ಬಿಟ್ಟಿದ್ದೆ, ನಿಜ. ಆಮೇಲೆ ಎಂ.ಕಾಂ.ಗೆ ಬೆಂಗಳೂರಿಗೆ ಹೋದೆ. ಹೊಸ ಗೆಳೆಯರು ಸಿಕ್ಕಿದರು. ನನಗೇನಾಗಿದೆ, ನನ್ನ ಕಣ್ಣು ಬೆಳ್ಳಗೇ ಇದೆ ಎಂದುಕೊಂಡು ಮತ್ತೆ ಶುರು ಮಾಡಿದ್ದೆ. ಭಾನುವಾರ ಅಂಗಳದಲ್ಲಿ ನಿಂತು ನೂರೈವತ್ತು ದಿನ, ಇನ್ನೂರು ದಿನ ಎಂದು ಹೇಳುವುದು ಮಾತ್ರ ನಿಲ್ಲಿಸಿರಲಿಲ್ಲ.

ಆ ಸಲ ಮಾಗಿಯಲ್ಲಿ ಮಂಜನ ತಂಗಿಯ ಮದುವೆ ಆಯಿತು. ನಾಲ್ಕು ದಿನದ ಮೇಲೆ ಗಂಡಿನ ಊರಿನಲ್ಲಿ ಬೀಗರೂಟ. ನಮ್ಮ ಕಡೆ ಬೀಗರೂಟ ಎಂದರೆ ಗೊತ್ತೇ ಇದೆ, ಮುಂದೆ ಶಾಮಿಯಾನದಲ್ಲಿ ಮುದ್ದೆ ಮಾಂಸ, ಹಿಂದೆ ತೆಂಗಿನ ತೋಟದಲ್ಲಿ ಬಾಟಲಿ. ಮಂಜನ ಅಪ್ಪ ಅಜ್ಜಿಯನ್ನು ಸ್ವಂತ ತಾಯಿಯಂತೆ ಕಾರು ಕಳಿಸಿ ಕರೆಸಿದ್ದರು. ಬೀಗರಿಗೆ ಮಾತ್ರ ನಿಜ ಹೇಳಿರಲಿಲ್ಲ. ಮಗನಿಗೆ ಜಾಂಡೀಸ್ ಆಗಿತ್ತು, ವಾಸಿಯಾಯಿತು ಎಂದಷ್ಟೇ ಅವರಿಗೆ ಗೊತ್ತು.

ನಡು ಮಧ್ಯಾಹ್ನ ಗಂಡಿನ ದೊಡ್ಡಪ್ಪ ಮಂಜನ ಹೆಗಲಿಗೆ ಕೈಹಾಕಿ ತೋಟಕ್ಕೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ. ಹದಿನೈದು ಇಪ್ಪತ್ತು ಗಂಡಸರು ಚಾಪೆಯ ಮೇಲಿದ್ದರು. ಗ್ಲಾಸು ತುಂಬಿತು. ಮಂಜ ಬೇಡ ಎಂದ. ನಗುತ್ತಲೇ ಮೂರು ಸಲ ಬೇಡ ಎಂದ. "ಬಾಮೈದ ಮುಟ್ಲಿಲ್ಲ ಅಂದ್ರೆ ನಮ್ ಮನೆತನಕ್ಕೆ ಅವಮಾನ ಮಾಡ್ದಂಗೆ" ಎಂದರು ದೊಡ್ಡಪ್ಪ. ಅವರ ಮುಖ ನಿಜವಾಗಿಯೂ ಸಣ್ಣದಾಗುತ್ತಿತ್ತು. ಮಂಜ ನನ್ನ ಕಡೆ ನೋಡಿದ. ದೊಡ್ಡಪ್ಪನೂ ನೋಡಿ, "ನೀವಾರ ಒಂದ್ ಮಾತು ಯೋಳಿ ನಿಮ್ ಸ್ನೇಯಿತಂಗೆ" ಎಂದು ಗ್ಲಾಸನ್ನು ನನ್ನ ಕೈಗೆ ಕೊಟ್ಟರು.

ಆ ಗ್ಲಾಸನ್ನು ನಾನು ಮಂಜನ ಕೈಗಿಟ್ಟೆ. "ಒಂದ್ ಗುಟುಕು ಕಣೋ. ಸುಮ್ನೆ ಮರ್ಯಾದೆಗೆ. ಇಷ್ಟಕ್ಕೆಲ್ಲ ಏನಾಗಲ್ಲ" ಎಂದೆ. ನನ್ನ ಬಾಯಿಂದಲೇ ಬಂದ ಮಾತು. ಮಂಜ ಗ್ಲಾಸನ್ನೇ ನೋಡುತ್ತಿದ್ದ. ಅವನ ಗಂಟಲು ಮೇಲೆ ಕೆಳಗೆ ಆಡಿದ್ದು ನನಗೆ ಕಾಣಿಸಿತು. ಇನ್ನೂರೈವತ್ತು ದಿನದ ದಾಹ ಅದು. ಕೈ ಬಾಯಿಯ ಕಡೆ ಎದ್ದಿತು.

ಎಲ್ಲಿದ್ದರೋ, ಯಾವಾಗ ಬಂದರೋ, ಅಜ್ಜಿ ಗಂಡಸರ ಆ ಚಾಪೆಯ ನಡುವೆ ಚಪ್ಪಲಿ ಕಾಲಿನಲ್ಲೇ ನಡೆದು ಬಂದು ಮಂಜನ ಕೈಯಿಂದ ಗ್ಲಾಸು ಕಿತ್ತುಕೊಂಡರು.

"ಮರ್ವಾದೆಗೆ ತಾನೇ ಬೀಗ್ರೇ? ಹೆಣ್ಣಿನ ಕಡೇರು ಯಾರ್ ಕುಡುದ್ರೂ ಆಯ್ತದಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಎಪ್ಪತ್ತಾರು ವರ್ಷದ ಆ ಹೆಂಗಸು ಕತ್ತು ಹಿಂದಕ್ಕೆ ಚೆಲ್ಲಿ ಗಟಗಟ ಕುಡಿದುಬಿಟ್ಟರು. ಕಣ್ಣಲ್ಲಿ ನೀರು ಬಂತು. ಗ್ಲಾಸನ್ನು ದೊಡ್ಡಪ್ಪನ ಮುಂದೆ ಬೋರಲು ಹಾಕಿದರು. "ನಮ್ ಮನೆ ಮರ್ವಾದೆ ಮುಗೀತು. ಈ ಹುಡುಗಂಗೆ ಇನ್ಯಾರೂ ಕೊಡಂಗಿಲ್ಲ, ಇವತ್ತೂ ಇಲ್ಲ, ನಾಳೀಕೂ ಇಲ್ಲ. ಏಳಿ, ಊಟಕ್ಕೆ ಕೂರಿ" ಎಂದರು. ದೊಡ್ಡಪ್ಪನೇ ಮೊದಲು ಎದ್ದು, "ಆಯ್ತು ತಾಯಿ" ಎಂದು ಪಂಚೆ ಕೊಡವಿಕೊಂಡು ಶಾಮಿಯಾನದ ಕಡೆ ನಡೆದರು. ಮಂಜ ಅವರ ಹಿಂದೆ ಹೋದ, ಕೈ ಎರಡೂ ಜೇಬಿನಲ್ಲಿದ್ದವು.

ಅಜ್ಜಿ ನೀರಿನ ತೊಟ್ಟಿಯ ಹತ್ತಿರ ಹೋಗಿ ಬಗ್ಗಿದರು. ಎಲ್ಲ ಕಕ್ಕಿದರು. ನಾನು ಓಡಿಹೋಗಿ ಚೊಂಬಿನಲ್ಲಿ ನೀರು ಕೊಟ್ಟೆ, ಬೆನ್ನು ನೀವಿದೆ. ಬಾಯಿ ತೊಳೆದುಕೊಂಡು, ಸೆರಗಿನಲ್ಲಿ ಮುಖ ಒರೆಸಿಕೊಂಡು, ತೊಟ್ಟಿಯ ಕಟ್ಟೆ ಹಿಡಿದು ಸುಧಾರಿಸಿಕೊಂಡರು. ನಾನು, "ಆ ಬೀಗ್ರು ಬಲವಂತ ಮಾಡಿಬಿಟ್ರು ಅಜ್ಜಿ" ಎಂದೆ.

ಅಜ್ಜಿ ಬೈಯಲಿಲ್ಲ. ಚೊಂಬನ್ನು ನನ್ನ ಕೈಗೆ ವಾಪಸು ಕೊಟ್ಟು ಹೇಳಿದರು:

"ಅವ್ರಿಗೆ ಗೊತ್ತಿರ್ನಿಲ್ಲ ಕಣ್ಲಾ. ನಿಂಗೆ ಗೊತ್ತಿತ್ತು."

ನಾನು ಕುಡಿಯುವುದನ್ನು ಬಿಟ್ಟದ್ದು ಅವತ್ತು. ಎಷ್ಟು ದಿನವಾಯಿತು ಎಂದು ಯಾರಿಗೂ ಹೇಳಿಲ್ಲ, ಹೇಳುವ ಮುಖ ಇರಲಿಲ್ಲ. ಮಂಜ ಇವತ್ತಿಗೂ ಮುಟ್ಟಿಲ್ಲ. ಹುಳು ಸಾಕುತ್ತಾನೆ, ಎರಡು ಮಕ್ಕಳಿದ್ದಾರೆ. ಅಜ್ಜಿಯ ಮಣ್ಣಿನ ದಿನ ನನಗಿಂತ ಮೊದಲೇ ಬಂದು ಗುಂಡಿ ತೋಡುವವರ ಜೊತೆ ನಿಂತಿದ್ದ.

ನನ್ನ ತರಗತಿಯಲ್ಲಿ ಕೊನೆಯ ವರ್ಷದ ಹುಡುಗನೊಬ್ಬನಿದ್ದಾನೆ. ಎರಡು ತಿಂಗಳಿಂದ ಬೆಳಗಿನ ಪೀರಿಯಡ್ಡಿನಲ್ಲಿ ಅವನ ಪೆನ್ನು ಕಾಗದದ ಮೇಲೆ ನಿಲ್ಲುತ್ತಿರಲಿಲ್ಲ. ಮಧ್ಯಾಹ್ನ ಅದೇ ಕೈ ಮುತ್ತಿನಂತೆ ಬರೆಯುತ್ತಿತ್ತು. ನಾನು ನೋಡಿದ್ದೆ. ನನಗ್ಯಾಕೆ, ದೊಡ್ಡ ಹುಡುಗ, ಮನೆಯವರಿದ್ದಾರೆ ಎಂದು ಹಾಜರಿ ಕೂಗಿ ಸುಮ್ಮನಾಗಿದ್ದೆ. ಮಣ್ಣು ಮುಗಿಸಿ ಬಂದ ಮರುದಿನ ಬೆಳಿಗ್ಗೆ ಪಾಠ ಶುರು ಮಾಡಲಿಲ್ಲ. ಅವನನ್ನು ಹೊರಗೆ ಕರೆದು, ಆಸ್ಪತ್ರೆಗೆ ಹೋಗೋಣ ಬಾ ಎಂದು ಕಾಲೇಜಿನ ಗೇಟು ದಾಟಿಸಿ, ಬೆಂಗಳೂರಿನ ಬಸ್ಸು ನಿಲ್ಲುವ ಜಾಗಕ್ಕೆ ನಡೆಸಿಕೊಂಡು ಹೋದೆ. ಯಾಕೆ ಎಂದು ಅವನು ಕೇಳಲಿಲ್ಲ, ಅವನಿಗೂ ಗೊತ್ತಿತ್ತು. ಬಸ್ಸು ಬಂದು ನಿಂತಾಗ ಮಾತ್ರ ಕಂಬಿ ಹಿಡಿದು ನಿಂತುಬಿಟ್ಟ.

"ಸಾರ್, ಮನೇಲಿ ಗೊತ್ತಾದ್ರೆ ಸಾಯಿಸ್ಬುಡ್ತಾರೆ."

"ಅವ್ರ ಹತ್ರ ನಾನು ಮಾತಾಡ್ತೀನಿ. ಬಸ್ ಹತ್ತು" ಎಂದೆ.

ಹತ್ತಿದ. ಅವನ ಹಿಂದೆ ನಾನೂ ಹತ್ತಿದೆ.